ಎಡ ಚಕ್ರದ ಒಳಗಿನ ಪ್ಯಾಡ್ ಮಾತ್ರ ಏಕೆ ಸವೆಯಿತು?

ಎಡ ಮುಂಚಕ್ರದಿಂದ ಕಿರ್ರೆಂಬ ಸದ್ದು ಮೊದಲು ಕೇಳಿದಾಗ ನಾನು ನಂಬಲಿಲ್ಲ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಬದಲಿಸಿ ಕೇವಲ 14,000 ಕಿಲೋಮೀಟರ್ ಆಗಿತ್ತು. ಅದಕ್ಕೂ ಮೊದಲಿನ ಜೋಡಿ 40,000ಕ್ಕಿಂತ ಹೆಚ್ಚು ಓಡಿತ್ತು. ಹಿಂದಿನ ಸಲ ಗ್ಯಾರೇಜಿನಲ್ಲಿ ಅರ್ಧ ಗಂಟೆಯೊಳಗೆ ಎರಡೂ ಮುಂಚಕ್ರಗಳ ಕೆಲಸ ಮುಗಿಸಿ ಕಾರು ಕೈಗೆ ಕೊಟ್ಟಿದ್ದರು. ಅಷ್ಟು ಬೇಗ ಮುಗಿಯಿತಲ್ಲ ಎಂದು ಆಗ ಸಂತೋಷಪಟ್ಟಿದ್ದೆ.

ಈ ಸಲ ಅದೇ ಗ್ಯಾರೇಜಿನವರು ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರು. "ಪ್ಯಾಡ್ ಹೋಗಿದೆ, ಡಿಸ್ಕ್ ಕೂಡ ಬದಲಿಸಿಬಿಡಿ ಸರ್" ಎಂದರು. ಇಷ್ಟು ಬೇಗ ಏಕೆ ಹೋಯಿತು ಎಂದು ಕೇಳಿದೆ. "ನೀವು ಬ್ರೇಕ್ ಜಾಸ್ತಿ ಒತ್ತುತ್ತೀರಿ" ಎಂಬ ಉತ್ತರ ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಕೊರೆಯುತ್ತಲೇ ಇತ್ತು. ತಪ್ಪು ನನ್ನ ಕಾಲಿನದಾಗಿದ್ದರೆ ಎರಡೂ ಚಕ್ರಗಳು ಸಮನಾಗಿ ಸವೆಯಬೇಕಿತ್ತು. ಸದ್ದು ಬರುತ್ತಿದ್ದದ್ದು ಎಡಗಡೆಯಿಂದ ಮಾತ್ರ. ಅದರ ಕಾರಣ ತಿಳಿಯದೆ ಮತ್ತೊಮ್ಮೆ ಹಣ ಕೊಡುವುದು ಬೇಡವೆನ್ನಿಸಿತು. ಕಾರಿನ ಕೈಪಿಡಿಯ ಬ್ರೇಕಿನ ಭಾಗವನ್ನು ಎರಡು ಸಲ ಓದಿ, ಬೇಕಾದ ಉಪಕರಣಗಳನ್ನು ತಂದು, ಒಂದು ರಜಾದಿನ ಬೆಳಿಗ್ಗೆ ನಾನೇ ಕೆಲಸಕ್ಕೆ ಕುಳಿತೆ. ನನ್ನ ತಮ್ಮ ಜೊತೆಗಿದ್ದ.

ಜಾಕ್ ಇರುವುದು ಎತ್ತುವುದಕ್ಕೆ, ಭಾರ ಹೊತ್ತು ನಿಲ್ಲುವುದಕ್ಕಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಬಳಿ ಕೆಲಸ ಮಾಡುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಸಮತಟ್ಟಾದ ಗಟ್ಟಿ ನೆಲ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಕಾರನ್ನು ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬಿಚ್ಚಿದ ಚಕ್ರವನ್ನೂ ಕಾರಿನಡಿಗೆ ಮಲಗಿಸಿಟ್ಟೆ. ಬಲಗಡೆಯನ್ನು ಮುಟ್ಟಲಿಲ್ಲ. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆ ಹಾಗೆಯೇ ಇದ್ದರೆ, ಯಾವ ಕ್ಲಿಪ್ ಎತ್ತ ಮುಖ ಮಾಡಿತ್ತು ಎಂಬ ಅನುಮಾನ ಬಂದಾಗ ಅಲ್ಲಿ ಹೋಗಿ ನೋಡಬಹುದು.

ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ಬಿಚ್ಚಿ ಮೇಲಕ್ಕೆ ತಿರುಗಿಸಿದರೆ ಪ್ಯಾಡ್‌ಗಳು ಕೈಗೆ ಬರಬೇಕು. ನನ್ನ ಕಾರಿನಲ್ಲಿ ಅದು ತಿರುಗಲೇ ಇಲ್ಲ, ಎರಡೂ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನೇ ಹೊರಗೆ ತೆಗೆಯಬೇಕಾಯಿತು. ಹಾಗೆ ತೆಗೆದದ್ದನ್ನು ಬ್ರೇಕ್ ಕೊಳವೆಯ ಮೇಲೆ ಜೋತಾಡಲು ಬಿಡಬಾರದು, ಕೊಳವೆ ಒಳಗಿಂದೊಳಗೇ ಸೀಳಿಹೋಗುವ ಅಪಾಯವಿದೆ. ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿದೆ.

ಎರಡು ಪ್ಯಾಡ್‌ಗಳನ್ನೂ ಪಕ್ಕಪಕ್ಕ ಹಿಡಿದೆ. ಹೊರಗಿನದರಲ್ಲಿ ಇನ್ನೂ 6 ಮಿ.ಮೀ. ಲೈನಿಂಗ್, ಅಂದರೆ ಉಜ್ಜಿ ಸವೆಯುವ ಪದರ, ಉಳಿದಿತ್ತು. ಒಳಗಿನದರಲ್ಲಿ ಒಂದೂವರೆ ಮಿ.ಮೀ. ಇರಬಹುದು, ಅದೂ ಓರೆಯಾಗಿ, ಕೆಳತುದಿಯಲ್ಲಿ ಇನ್ನೂ ತೆಳು. ಪ್ಯಾಡ್‌ನ ಅಂಚಿನಲ್ಲಿದ್ದ ಚಿಕ್ಕ ಉಕ್ಕಿನ ನಾಲಿಗೆ ಡಿಸ್ಕಿಗೆ ತಗುಲಿ ಕಿರುಚುತ್ತಿತ್ತು. ಲೈನಿಂಗ್ ಮುಗಿಯುತ್ತಾ ಬಂದಾಗ ಎಚ್ಚರಿಸುವುದಕ್ಕೆಂದೇ ಅದನ್ನು ಇಟ್ಟಿರುತ್ತಾರೆ. ಸಾಮಾನ್ಯವಾಗಿ 3 ಮಿ.ಮೀ.ಗೆ ಇಳಿದರೆ ಪ್ಯಾಡ್ ಬದಲಿಸುವ ಕಾಲ ಬಂತೆಂದು ಲೆಕ್ಕ.

ಒಂದೇ ಚಕ್ರದ ಎರಡು ಪ್ಯಾಡ್‌ಗಳ ನಡುವೆ ಇಷ್ಟು ವ್ಯತ್ಯಾಸ ಏಕೆ ಎಂಬುದು ಕ್ಯಾಲಿಪರ್ ಕೆಲಸ ಮಾಡುವ ರೀತಿ ತಿಳಿದರೆ ಅರ್ಥವಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ದ್ರವದ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದೇ ಬಲದ ಪ್ರತಿಯಾಗಿ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ ಜಾರದಿದ್ದರೆ ಹೊರಗಿನ ಪ್ಯಾಡ್ ಸುಮ್ಮನಿರುತ್ತದೆ, ಒಳಗಿನದೇ ದುಡಿಯುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಡಿಸ್ಕಿಗೆ ಅಂಟಿಕೊಂಡೇ ಸವೆಯುತ್ತದೆ.

ಮೇಲಿನ ಪಿನ್ ಬೆರಳಿಗೇ ಜಾರಿತು. ಕೆಳಗಿನದು ಕದಲಲಿಲ್ಲ. ಅದನ್ನು ಮುಚ್ಚುವ ರಬ್ಬರ್ ಹೊದಿಕೆಯ, ಅಂದರೆ ಬೂಟಿನ, ಮಡಿಕೆಯಲ್ಲಿ ಉಗುರಿನ ಅಗಲದ ಸೀಳು ಕಂಡಿತು. ಒಳಗೆ ನೀರು ಇಳಿದಿದ್ದದ್ದು ಅಲ್ಲಿಂದಲೇ. ಹೊಸ ಬೂಟ್ ತಂದಿಟ್ಟುಕೊಂಡಿದ್ದರಿಂದ ಹಳೆಯದನ್ನು ಕತ್ತರಿಸಿ ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ ಹತ್ತು ನಿಮಿಷ ಕಾದೆ. ಸ್ಪ್ಯಾನರ್ ಹಿಡಿದು ಕೂದಲೆಳೆಯಷ್ಟು ಬಲಕ್ಕೆ, ಕೂದಲೆಳೆಯಷ್ಟು ಎಡಕ್ಕೆ ತಿರುಗಿಸುತ್ತಾ ಹೋದೆ. ಮೊದಲು ಗರಗರ ಸದ್ದು, ಆಮೇಲೆ ಒಂದು ನೂಲಿನಷ್ಟು ಚಲನೆ. ಇನ್ನೂ ಇಪ್ಪತ್ತು ನಿಮಿಷದ ಮೇಲೆ ಅದು ಹೊರಬಂತು: ಅರ್ಧ ಉದ್ದಕ್ಕೆ ಕಂದು ತುಕ್ಕು, ಉಳಿದರ್ಧಕ್ಕೆ ಡಾಂಬರಿನಂತೆ ಗಟ್ಟಿಯಾದ ಹಳೆಯ ಗ್ರೀಸ್. ಹಿಂದಿನ ಸಲ ಪ್ಯಾಡ್ ಬದಲಿಸಿದವರು ಈ ಪಿನ್ ಹೊರಗೆಳೆದಿರಲೇ ಇಲ್ಲ ಎಂಬುದು ಅದನ್ನು ನೋಡಿದೊಡನೆ ಖಾತ್ರಿಯಾಯಿತು. ಅರ್ಧ ಗಂಟೆಯಲ್ಲಿ ಕೆಲಸ ಹೇಗೆ ಮುಗಿದಿತ್ತೆಂಬುದೂ ಆಗ ತಿಳಿಯಿತು.

ನುಣುಪಾದ ಉಪ್ಪುಕಾಗದದಿಂದ ಪಿನ್ ಉಜ್ಜಿ, ಅದು ಕೂರುವ ರಂಧ್ರವನ್ನು ಬ್ರೇಕ್ ಕ್ಲೀನರ್ ಮತ್ತು ಬಟ್ಟೆಯಿಂದ ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸಿದೆ. ಎಣ್ಣೆಯ ಪಸೆ ಉಳಿಯಬಾರದು, ಪೆಟ್ರೋಲಿಯಂ ಎಣ್ಣೆ ತಗುಲಿದರೆ ಅಲ್ಲಿನ ರಬ್ಬರ್ ಉಬ್ಬಿಕೊಂಡು ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಆ ಕಾರಣಕ್ಕೇ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಇಲ್ಲಿ ಸಲ್ಲದು. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ, ಹೊಸ ಬೂಟ್ ಕೂರಿಸಿ ಪಿನ್ ಒಳಗೆ ತಳ್ಳಿದೆ. ಬೆರಳು ತೆಗೆದಾಗ ಒಳಗಿನ ಗಾಳಿಗೆ ಅದು ತಾನಾಗಿ ಸ್ವಲ್ಪ ಹಿಂದಕ್ಕೆ ಬಂತು. ಆ ಮೆತ್ತನೆಯ ಚಲನೆ ನೋಡಲೆಂದೇ ನಾಲ್ಕೈದು ಸಲ ತಳ್ಳಿದೆ. ಒಂದು ಎಚ್ಚರ: ಕೆಲವು ಕಾರುಗಳಲ್ಲಿ ಎರಡು ಪಿನ್‌ಗಳು ಒಂದೇ ತೆರನಾಗಿರುವುದಿಲ್ಲ, ಒಂದರ ತುದಿಯಲ್ಲಿ ರಬ್ಬರ್ ತೋಳು ಇರುತ್ತದೆ. ಅದಲುಬದಲಾಗದಂತೆ ಗುರುತು ಮಾಡಿಟ್ಟುಕೊಳ್ಳಬೇಕು.

ಪ್ಯಾಡ್‌ನ ಕಿವಿಗಳು, ಅಂದರೆ ಎರಡು ತುದಿಯ ಚಾಚುಗಳು, ಕೂರುವ ಜಾಗದ ಕ್ಲಿಪ್ ತೆಗೆದು ಅಲ್ಲಿನ ತುಕ್ಕನ್ನೂ ವೈರ್ ಬ್ರಷ್‌ನಿಂದ ಕೆರೆದೆ. ಹಳೆಯ ಬ್ರೇಕ್ ದೂಳನ್ನು ಊದಬಾರದು, ಗಾಳಿಯ ಪಂಪಿನಿಂದ ಹಾರಿಸಲೂಬಾರದು, ಕೆಲವು ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಡಿಸ್ಕಿನ ಅಂಚಿನಲ್ಲಿ ಅದರ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ನನ್ನದರಲ್ಲಿ 20 ಮಿ.ಮೀ. ಎಂದಿತ್ತು. ಅಂಚಿನ ಏಣನ್ನು ಬಿಟ್ಟು, ಪ್ಯಾಡ್ ಉಜ್ಜುವ ಜಾಗದಲ್ಲಿ ನಾಲ್ಕು ಕಡೆ ಅಳೆದಾಗ ಎಲ್ಲಿಯೂ 21ಕ್ಕಿಂತ ಕಡಿಮೆ ಬರಲಿಲ್ಲ. ಗೀರುಗಳು ಉಗುರಿಗೆ ಸಿಗದಷ್ಟು ಮೇಲುಮೇಲಿನವು. ಬದಲಿಸಿಬಿಡಿ ಎಂದಿದ್ದ ಡಿಸ್ಕ್ ಈಗಲೂ ನನ್ನ ಕಾರಿನಲ್ಲಿದೆ.

ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಪಿಸ್ಟನ್ ಒಳಗೆ ಹೋಗಬೇಕು. ಅದನ್ನು ತಳ್ಳುವ ಮುನ್ನ ಬಾನೆಟ್ ತೆರೆದು ಬ್ರೇಕ್ ದ್ರವದ ಡಬ್ಬಿಯ ಮುಚ್ಚಳ ಸಡಿಲಿಸಿ, ಮಟ್ಟದ ಮೇಲೆ ಕಣ್ಣಿಡಲು ತಮ್ಮನನ್ನು ನಿಲ್ಲಿಸಿದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬಂದು ಡಬ್ಬಿಯ ಮಟ್ಟ ಇಳಿಯುತ್ತದೆ. ನಡುವೆ ಯಾರಾದರೂ ದ್ರವ ತುಂಬಿಸಿದ್ದರೆ ಈಗ ಅದು ಉಕ್ಕುತ್ತದೆ. ಡಾಟ್ 3, ಡಾಟ್ 4 ಎಂಬ ಬಗೆಯ ಬ್ರೇಕ್ ದ್ರವ ಕಾರಿನ ಬಣ್ಣಕ್ಕೆ ತಗುಲಿದರೆ ಬಣ್ಣ ಕಿತ್ತುಬರುತ್ತದೆ, ಕೂಡಲೇ ನೀರು ಸುರಿದು ತೊಳೆಯಬೇಕು. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಆನಿಸಿ ಸಿ-ಕ್ಲ್ಯಾಂಪ್ ಅನ್ನು ನಿಧಾನವಾಗಿ ಬಿಗಿಸುತ್ತಾ ಹೋದೆ. "ಅಣ್ಣಾ, ಸಾಕು, ಅಂಚಿಗೆ ಬಂತು" ಎಂದು ತಮ್ಮ ಕೂಗಿದಾಗ ನಿಲ್ಲಿಸಿ, ಸಿರಿಂಜಿನಿಂದ ಸ್ವಲ್ಪ ದ್ರವ ಹೀರಿ ತೆಗೆದು ಮುಂದುವರಿಸಿದೆ. ಪಿಸ್ಟನ್ನಿನ ಸುತ್ತ ಒದ್ದೆಯಾಗಿದ್ದರೆ ಅಥವಾ ಅದರ ರಬ್ಬರ್ ಹರಿದಿದ್ದರೆ ಅಲ್ಲಿಗೇ ಕೈಬಿಟ್ಟು ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದೆ.

ಪ್ಯಾಡ್ ಕೂರಿಸುವುದು ಎಲ್ಲಕ್ಕಿಂತ ಸುಲಭ, ಐದು ನಿಮಿಷವೂ ಹಿಡಿಯಲಿಲ್ಲ. ಗ್ರೀಸ್ ಕಿವಿಗಳಿಗೆ ಮತ್ತು ಬೆನ್ನಿಗೆ ಮಾತ್ರ. ಲೈನಿಂಗಿಗಾಗಲಿ ಡಿಸ್ಕಿಗಾಗಲಿ ಒಂದು ಬೆರಳಚ್ಚಿನಷ್ಟೂ ತಾಗಬಾರದು. ಬೋಲ್ಟ್‌ಗಳನ್ನು ಅಂದಾಜಿಗೆ ಬಿಡದೆ ಟಾರ್ಕ್ ವ್ರೆಂಚ್ ಹಿಡಿದು ಕೈಪಿಡಿಯಂತೆ ಕ್ಯಾಲಿಪರಿಗೆ 34, ಚಕ್ರದ ನಟ್‌ಗಳಿಗೆ 103 ನ್ಯೂಟನ್ ಮೀಟರ್ ಬಿಗಿಸಿದೆ. ಇವು ನನ್ನ ಕಾರಿನ ಅಂಕಿಗಳು, ಪ್ರತಿ ಕಾರಿಗೂ ಬೇರೆ ಇರುತ್ತವೆ.

ಎಡಗಡೆಗೆ ಮೂರು ಗಂಟೆ ಹಿಡಿಯಿತು, ಬಲಗಡೆಗೆ ನಲವತ್ತು ನಿಮಿಷ. ಬಲಗಡೆಯ ಪ್ಯಾಡ್ ಅಷ್ಟು ಸವೆದಿರದಿದ್ದರೂ ಬದಲಿಸಿದೆ, ಒಂದೇ ಆಕ್ಸಲಿನ ಎರಡು ಚಕ್ರಗಳು ಬೇರೆ ಬೇರೆ ಬಲದಿಂದ ಹಿಡಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಕೊನೆಗೆ ತಮ್ಮ ಸೀಟಿನಲ್ಲಿ ಕುಳಿತು ಬ್ರೇಕ್ ಒತ್ತಿದ. ಪೆಡಲ್ ಸೀದಾ ನೆಲ ಮುಟ್ಟಿತು. "ಬ್ರೇಕೇ ಇಲ್ಲವಲ್ಲ ಅಣ್ಣಾ!" ಎಂದು ಗಾಬರಿಯಾದ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಕೆಲವು ಒತ್ತುಗಳಿಗೆ ಹೀಗಾಗುವುದು ಸಹಜ. ಏಳೆಂಟು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಇದನ್ನು ಮರೆತು ಎಂಜಿನ್ ಹಚ್ಚಿ ಹೊರಟರೆ ಮೊದಲ ತಿರುವಿನಲ್ಲಿ ಕಾರು ನಿಲ್ಲುವುದಿಲ್ಲ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ. ದ್ರವದ ಮಟ್ಟ ಮತ್ತೊಮ್ಮೆ ನೋಡಿ, ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸುತ್ತಾ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಹತ್ತು ಸಲ ಬ್ರೇಕ್ ಹಾಕಿ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿದೆ.

ಹಾಗೆಂದು ಎಲ್ಲವನ್ನೂ ನಾನೇ ಮಾಡುವುದಿಲ್ಲ. ಹಿಂದಿನ ಚಕ್ರಗಳಿಗೂ ಡಿಸ್ಕ್ ಇರುವ ಹಲವು ಕಾರುಗಳಲ್ಲಿ ಅಲ್ಲಿನ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು, ಇಲ್ಲದಿದ್ದರೆ ಅದರ ಮೋಟಾರ್ ಹಾಳಾಗುತ್ತದೆ. ಬ್ರೇಕ್ ದ್ರವ ಬದಲಿಸುವುದು, ಕೊಳವೆ ಬದಲಿಸುವುದು, ಪಿಸ್ಟನ್ ಸೋರುವುದು ಇವೆಲ್ಲವನ್ನು ನಾನು ಗ್ಯಾರೇಜಿಗೇ ಒಪ್ಪಿಸುತ್ತೇನೆ, ಆ ಪರಿಣತಿಗೆ ಸಂತೋಷದಿಂದ ಹಣ ಕೊಡುತ್ತೇನೆ. ಆದರೆ ಈಗ ಹೊರಗೆ ಕುಳಿತು ಕಾಯುವುದಿಲ್ಲ. ಪಿನ್ ಹೊರಗೆಳೆದು ಗ್ರೀಸ್ ಹಾಕಿದಿರಾ ಎಂದು ಕೇಳುತ್ತೇನೆ, ಹಳೆಯ ನಾಲ್ಕು ಪ್ಯಾಡ್‌ಗಳನ್ನೂ ಯಾವುದು ಎಲ್ಲಿಯದೆಂದು ಬರೆದು ಕೊಡಿ ಎನ್ನುತ್ತೇನೆ. ಒಳ್ಳೆಯ ಮೆಕ್ಯಾನಿಕ್‌ಗಳು ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಕೈಬೀಸಿ ಕರೆದು ತೋರಿಸುತ್ತಾರೆ.

9,000 ಕಿಲೋಮೀಟರ್ ಓಡಿದ ಮೇಲೆ ಮೊನ್ನೆ ಎರಡೂ ಮುಂಚಕ್ರಗಳನ್ನು ಬಿಚ್ಚಿ ಅಳೆದೆ. ಹೊಸದಾಗಿದ್ದಾಗ 11 ಮಿ.ಮೀ. ಇದ್ದ ಲೈನಿಂಗ್ ಎಡಗಡೆ ಒಳಗೆ 9, ಹೊರಗೆ 9, ಬಲಗಡೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕೆಳಗಿನ ಪಿನ್ ಒಂದೇ ಬೆರಳಿಗೆ ಜಾರಿತು. ಗ್ರೀಸ್ ಇನ್ನೂ ತಿಳಿಯಾಗಿಯೇ ಇದ್ದದ್ದರಿಂದ ಮುಟ್ಟದೆ ಹಾಗೆಯೇ ಚಕ್ರ ಹಾಕಿದೆ.