ಹ್ಯುಮಿಡಿಫೈಯರ್ ಇಲ್ಲದೆ, ಮಣ್ಣಿಲ್ಲದೆ ಬೆಳೆಸಿದ ಕ್ಯಾಲಥಿಯಾ ಆರ್ಬಿಫೋಲಿಯಾ

ಕ್ಯಾಲಥಿಯಾ ಆರ್ಬಿಫೋಲಿಯಾ ಎಂಬ ಒಳಾಂಗಣ ಗಿಡದ ಎಲೆಯಂಚು ಕಂದಾಗಿ ಒಣಗಿತೆಂದರೆ ಗಾಳಿಯಲ್ಲಿ ತೇವ ಸಾಲದು ಎಂದೇ ಬಹುತೇಕರು ತೀರ್ಮಾನಿಸುತ್ತಾರೆ. ಶೇಕಡಾ 60ಕ್ಕಿಂತ ಕಡಿಮೆ ಆರ್ದ್ರತೆಯಲ್ಲಿ ಈ ಗಿಡ ಅಂದವಾಗಿ ಉಳಿಯದು, ಅದರಲ್ಲೂ ಮಣ್ಣು ಬಿಡಿಸಿ ಲೆಕಾ ಉಂಡೆಗಳಲ್ಲಿ (ಸುಟ್ಟು ಉಬ್ಬಿಸಿದ ಹಗುರವಾದ ಜೇಡಿಮಣ್ಣಿನ ಗುಂಡುಗಳಲ್ಲಿ) ನೆಟ್ಟರೆ ಬೇರು ಕೊಳೆಯುವುದು ಖಂಡಿತ ಎಂದು ನನಗಿಂತ ಹೆಚ್ಚು ಕಾಲ ಈ ಗಿಡಗಳನ್ನು ಸಾಕಿದವರೇ ಎಚ್ಚರಿಸಿದ್ದರು. ಈಗ ನನ್ನ ಗಿಡ ಲೆಕಾದಲ್ಲಿ ಮೂರನೆಯ ವರ್ಷಕ್ಕೆ ಕಾಲಿಟ್ಟಿದೆ. ಕೋಣೆಯ ಆರ್ದ್ರತೆ ಹೆಚ್ಚಿನ ದಿನಗಳಲ್ಲಿ 40ರಿಂದ 45ರ ನಡುವೆ ಇರುತ್ತದೆ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಕಪಾಟು ಸೇರಿ ಎರಡು ವರ್ಷವಾಗುತ್ತ ಬಂತು, ಈಚೆಗೆ ಬಿಚ್ಚಿಕೊಂಡ ಎಲೆಗಳು ಸುಮಾರು 28 ಸೆಂಟಿಮೀಟರ್ ಅಗಲವಾಗಿದ್ದು ಅಂಚಿನಲ್ಲಿ ಒಂದು ಕಂದು ಗೆರೆಯೂ ಕಾಣುವುದಿಲ್ಲ.

ಇಲ್ಲಿಗೆ ಬಂದು ಮುಟ್ಟುವ ಮೊದಲು ಖರ್ಚಾದ ಹಣದ ವಿಷಯವನ್ನು ಹೇಳಲೇಬೇಕು, ಏಕೆಂದರೆ ಆ ಹಣದ ಬಹುಪಾಲು ಗಾಳಿಯ ಮೇಲೆಯೇ ಹೋಯಿತು. ಹ್ಯುಮಿಡಿಫೈಯರ್ ಒಂದಕ್ಕೇ ಮೂರು ಮಧ್ಯಮ ಗಾತ್ರದ ಗಿಡಗಳ ಬೆಲೆ ತೆರಬೇಕಾಯಿತು. ಅದು ಅಲ್ಟ್ರಾಸಾನಿಕ್ ಆದ್ದರಿಂದ ನಲ್ಲಿ ನೀರು ಹಾಕಿದರೆ ಲವಣವೆಲ್ಲ ಬಿಳಿ ಪುಡಿಯಾಗಿ ಎಲೆಯ ಮೇಲೆ ಕೂರುತ್ತಿತ್ತು. ಅದಕ್ಕೆಂದು ಶುದ್ಧೀಕರಿಸಿದ ನೀರನ್ನು ಬೇರೆ ಕೊಳ್ಳಬೇಕಾಗಿತ್ತು. ಕಲ್ಲು ತುಂಬಿದ ನೀರಿನ ತಟ್ಟೆಯ ಮೇಲೆ ಕುಂಡ ಇಡುವ ಉಪಾಯವನ್ನೂ ಅಳೆದು ನೋಡಿದೆ. ಎಲೆಗಳ ನಡುವೆ ನೇತುಹಾಕಿದ ಆರ್ದ್ರತಾ ಮಾಪಕದಲ್ಲಿ ಎರಡು ಮೂರು ಅಂಶಕ್ಕಿಂತ ಹೆಚ್ಚಿನ ವ್ಯತ್ಯಾಸ ಯಾವತ್ತೂ ಕಾಣಲಿಲ್ಲ. ನೀರು ಸಿಂಪಡಿಸಿದಾಗ ಅಂಕಿ ಜಿಗಿದು, ಕೆಲವೇ ನಿಮಿಷಗಳಲ್ಲಿ ಮೊದಲಿದ್ದಲ್ಲಿಗೇ ಇಳಿಯುತ್ತಿತ್ತು. ಕೊನೆಗೆ ಗಾಜಿನ ಕಪಾಟು ಬಂತು, ಅದರೊಳಗೆ ಆರ್ದ್ರತೆ 75ರಿಂದ 80ರವರೆಗೆ ಏರಿತು, ಆದರೂ ಹಳೆಯ ಎಲೆಗಳ ಅಂಚು ಮೊದಲಿನಂತೆಯೇ ಒಣಗುತ್ತ ಹೋಯಿತು. ಆ ಕಪಾಟಿಗೆ ಸುರಿದ ಹಣ ವ್ಯರ್ಥವಾಯಿತೆಂದು ನಾನು ಭಾವಿಸುವುದಿಲ್ಲ, ಏಕೆಂದರೆ ತೊಂದರೆ ಗಾಳಿಯಲ್ಲಿಲ್ಲ ಎಂಬುದನ್ನು ಸಾಧಿಸಿ ತೋರಿಸಿದ್ದೇ ಅದು.

ಆಗ ಬೇರಿನ ಕಡೆಗೆ ಗಮನ ಹರಿಸಿದೆ. ಕೊಕೊಪೀಟ್, ಪರ್ಲೈಟ್, ತೊಗಟೆ ಬೆರೆಸಿದ ಮಿಶ್ರಣದಲ್ಲಿದ್ದ ಕುಂಡಕ್ಕೆ ಶುದ್ಧ ನೀರು ಸುರಿದು, ಕೆಳಗಿನಿಂದ ಸೋರಿದ ನೀರಿನ ಇಸಿ (ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ, mS/cm ಲೆಕ್ಕದಲ್ಲಿ) ಅಳೆದಾಗ 2ಕ್ಕಿಂತ ಮೇಲೆಯೇ ಇತ್ತು. ಈ ಜಾತಿಯ ಸೂಕ್ಷ್ಮ ಬೇರುಗಳಿಗೆ ಅದು ಬಹಳ ಹೆಚ್ಚು. ಪ್ರತಿಸಲ ಹಾಕಿದ ಗೊಬ್ಬರ ಮತ್ತು ನಲ್ಲಿ ನೀರಿನ ಲವಣ ಮಿಶ್ರಣದಲ್ಲಿಯೇ ಶೇಖರವಾಗಿ, ಬೇರು ನೀರು ಹೀರಲಾರದೆ, ಅದರ ಪರಿಣಾಮ ಮೊದಲು ಎಲೆಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಎಲೆಯ ತುದಿ ಸುಡುವ, ನಲ್ಲಿ ನೀರಿನ ಫ್ಲೋರೈಡ್ ವಿಷಯವೂ ಇದರ ಜೊತೆಗೇ ಸೇರಿದೆ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಮಿನ್ ಸುಲಭವಾಗಿ ಹೋಗುವುದಿಲ್ಲ, ಫ್ಲೋರೈಡ್ ಹೋಗುವುದೇ ಇಲ್ಲ. ಕುದಿಸಿದರೆ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಒಂದೇ ತಾಯಿಗಿಡದಿಂದ ಬಿಡಿಸಿದ ಎರಡು ಮರಿಗಳಲ್ಲಿ ಒಂದಕ್ಕೆ ತೆರೆದಿಟ್ಟ ನಲ್ಲಿ ನೀರು, ಇನ್ನೊಂದಕ್ಕೆ ಆರ್‌ಒ ನೀರು (ಶುದ್ಧೀಕರಣ ಯಂತ್ರದಲ್ಲಿ ಲವಣವನ್ನು ಬಹುಪಾಲು ತೆಗೆದ ನೀರು) ಕೊಟ್ಟು ಪಕ್ಕಪಕ್ಕದಲ್ಲಿ ಬೆಳೆಸಿದೆ. ನಲ್ಲಿ ನೀರು ಕುಡಿದ ಮರಿಯ ಎರಡನೆಯ ಎಲೆ ಪೂರ್ತಿ ಬಿಚ್ಚಿಕೊಳ್ಳುವಷ್ಟರಲ್ಲಿ ಮೊದಲನೆಯದರ ತುದಿ ಸುಟ್ಟಿತ್ತು. ಇನ್ನೊಂದರ ಎಲೆಗಳು ಸ್ವಚ್ಛವಾಗಿದ್ದವು.

ಲೆಕಾವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ, ಏಕೆಂದರೆ ಅದನ್ನು ತೊಳೆದು ಲವಣ ಹೊರಹಾಕುವುದು ಕೊಕೊಪೀಟ್ ತೊಳೆಯುವುದಕ್ಕಿಂತ ಎಷ್ಟೋ ಸುಲಭ. ಬೇರು ಕೊಳೆಯುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಬೇರು ನೀರಿನಲ್ಲಿ ಮುಳುಗಿದ್ದರೆ ಕೊಳೆಯುತ್ತದೆ, ಮೊದಲ ಎರಡು ಮರಿಗಳು ಹಾಗೆಯೇ ಹೋದವು. ಮಣ್ಣಿನಲ್ಲಿ ಬೆಳೆದ ಬೇರು ಬಹುಪಾಲು ಸತ್ತು, ಬುಡದಿಂದ ಹೊಸ ಬೇರು ಹೊರಡುವವರೆಗೆ ಗಿಡಕ್ಕೆ ನೀರಿಗಿಂತ ಗಾಳಿಯೇ ಹೆಚ್ಚು ಬೇಕು. ಆದ್ದರಿಂದ ಈಗ ಲೆಕಾ ಇರುವ ಒಳಕುಂಡವನ್ನು ನೀರಿರುವ ಹೊರಕುಂಡದಲ್ಲಿರಿಸಿ, ನೀರಿನ ಮಟ್ಟವನ್ನು ಒಳಕುಂಡದ ತಳಕ್ಕೂ ತಾಗದಂತೆ ಇಟ್ಟು, ಕೇವಲ ಬತ್ತಿಯ ಮೂಲಕ ತೇವ ಏರುವಂತೆ ಮಾಡುತ್ತೇನೆ. ಮಣ್ಣನ್ನು ಪೂರ್ತಿ ತೊಳೆದು, ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಹಳೆಯ ಎಲೆಗಳಲ್ಲಿ ಮೂರನೆಯ ಒಂದು ಭಾಗವನ್ನು ತೆಗೆದು, ಇಡೀ ಗಿಡಕ್ಕೆ ಪಾರದರ್ಶಕ ಚೀಲ ಮುಚ್ಚುತ್ತೇನೆ. ಹೆಚ್ಚಿನ ಆರ್ದ್ರತೆ ನಿಜವಾಗಿ ಬೇಕಾಗುವುದು ಈ ಒಂದು ಹಂತದಲ್ಲಿ ಮಾತ್ರ. ಆರೇಳು ವಾರಗಳಲ್ಲಿ ಬಿಳಿ ಬೇರುಗಳು ಉಂಡೆಗಳ ನಡುವೆ ಕಾಣಿಸಿದ ಮೇಲೆ ಚೀಲವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ ಬಂದು ತೆಗೆದುಬಿಡುತ್ತೇನೆ. ಬತ್ತಿಯನ್ನು ಒಳಕುಂಡದಲ್ಲಿ ಹೇಗೆ ಹಾಯಿಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಅದನ್ನು ಕಂಡುಕೊಳ್ಳಲು ಹಲವು ಗಿಡಗಳ ಬೆಲೆ ತೆತ್ತಿದ್ದೇನೆ.

ಗೊಬ್ಬರದ ವಿಷಯದಲ್ಲಿ ಇನ್ನೊಂದು ಸುತ್ತು ಸೋಲು ಎದುರಾಯಿತು. ಬರಿಯ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲದಿರುವುದರಿಂದ ಹೊಸ ಎಲೆಗಳು ಸುಕ್ಕುಗಟ್ಟಿ ಹುಟ್ಟಿದವು, ಹಳೆಯವುಗಳ ನರಗಳ ನಡುವೆ ಹಳದಿ ಹರಡಿತು. ಹಲವು ಸಾಮಾನ್ಯ ಕುಂಡದ ಗೊಬ್ಬರಗಳಲ್ಲಿ ಸಾರಜನಕದ ಬಹುಪಾಲು ಯೂರಿಯಾ ರೂಪದಲ್ಲಿರುತ್ತದೆ. ಅದನ್ನು ಒಡೆದುಕೊಡುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿರುವಷ್ಟು ಹೊಸ ಲೆಕಾದಲ್ಲಿ ಇರುವುದಿಲ್ಲವಾದ್ದರಿಂದ ಗಿಡ ಗೊಬ್ಬರದ ನಡುವೆಯೇ ಹಸಿದು ನಿಂತಿತು. ಈಗ ನೈಟ್ರೇಟ್ ಆಧಾರಿತ ಗೊಬ್ಬರದ ಜೊತೆಗೆ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಬಳಸುತ್ತೇನೆ. ಈ ಎರಡರ ಗಟ್ಟಿ ದ್ರಾವಣಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಿದರೆ ಜಿಪ್ಸಂ ಆಗಿ ತಳ ಸೇರುತ್ತದೆ. ಬೇರೆ ಬೇರೆ ಇಟ್ಟು, ಪೂರ್ತಿ ಅಳತೆಯ ನೀರಿಗೆ ಒಂದಾದ ಮೇಲೊಂದು ಹಾಕಬೇಕು. ಒಟ್ಟು ಇಸಿ 0.5ರಿಂದ 0.7, ಪಿಎಚ್ ಸುಮಾರು 6. ಹತ್ತು ದಿನಕ್ಕೊಮ್ಮೆ ಸಾದಾ ಆರ್‌ಒ ನೀರನ್ನು ಮೇಲಿನಿಂದ ಸುರಿದು ಉಂಡೆಗಳನ್ನು ತೊಳೆಯುತ್ತೇನೆ, ಏಕೆಂದರೆ ಬತ್ತಿಯಿಂದ ಏರಿದ ನೀರು ಆವಿಯಾದಾಗ ಲವಣ ಮೇಲ್ಪದರದಲ್ಲಿ ಉಳಿಯುತ್ತದೆ. ಈ ತೊಳೆತವನ್ನು ತಪ್ಪಿಸಿದರೆ ಉಳಿದ ಎಲ್ಲ ಶ್ರಮವೂ ಹಾಳು.

ಬೆಳಕು 5,000ದಿಂದ 8,000 ಲಕ್ಸ್, ನೇರ ಬಿಸಿಲು ಬೇಡ. ಇದರಲ್ಲಿ ಹೊಸದೇನೂ ಇಲ್ಲ. ನುಸಿಯ ಕಾಟ ಮಾತ್ರ ಒಣ ಗಾಳಿಯಲ್ಲಿ ಖಂಡಿತವಾಗಿಯೂ ಹೆಚ್ಚು, ಆ ಮಟ್ಟಿಗೆ ಆರ್ದ್ರತೆಯ ಪರವಾಗಿ ಮಾತನಾಡುವವರ ಮಾತನ್ನು ಒಪ್ಪುತ್ತೇನೆ. ವಾರಕ್ಕೊಮ್ಮೆ ಎಲೆಯ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನು ನಿಲ್ಲಿಸಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕ್ಯಾಲಥಿಯಾದ ಎಲೆಗಳು ರಾತ್ರಿ ಮೇಲೇಳುವುದು, ಹಗಲು ಹರಡಿಕೊಳ್ಳುವುದು ತೊಟ್ಟಿನ ತುದಿಯ ಗಂಟಿನಲ್ಲಿ ನೀರಿನ ಒತ್ತಡ ಬದಲಾಗುವುದರಿಂದ. ಗೋಡೆಯ ಮೇಲೆ ಅಳತೆಯ ಗೆರೆಗಳನ್ನು ಎಳೆದು, ಫೋನಿನಲ್ಲಿ ಗಂಟೆಗೊಂದು ಚಿತ್ರ ತೆಗೆದು, ಎಲೆ ಎಷ್ಟು ಏರುತ್ತದೆ ಎಂಬುದನ್ನು ಕೆಲವು ತಿಂಗಳು ಗುರುತು ಹಾಕಿಕೊಂಡೆ. ನನ್ನ ಗಿಡಗಳಲ್ಲಿ ಬೇರಿಗೆ ತೊಂದರೆಯಾದಾಗ, ಅಂಚು ಒಣಗುವುದಕ್ಕೆ ಒಂದು ವಾರ ಮೊದಲೇ ಈ ಏರಿಳಿತ ಅರ್ಧದಷ್ಟು ಕುಗ್ಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಈಗ ಮೀಟರಿಗಿಂತ ಮೊದಲು ಆ ಗೆರೆಗಳನ್ನೇ ನೋಡುತ್ತೇನೆ, ಏರಿಕೆ ಕಡಿಮೆಯಾದ ದಿನವೇ ಉಂಡೆಗಳನ್ನು ತೊಳೆದುಬಿಡುತ್ತೇನೆ.

ಕ್ಯಾಲಥಿಯಾದ ಇನ್ನೊಂದು ಜಾತಿಯಾದ ಮಕೋಯಾನಾವನ್ನೂ ಇದೇ ರೀತಿ ಲೆಕಾಕ್ಕೆ ಬದಲಾಯಿಸಿದೆ, ಅದು ಆರ್ಬಿಫೋಲಿಯಾಕ್ಕಿಂತ ಬೇಗ ಬೇರು ಬಿಟ್ಟಿತು. ಮತ್ತೊಂದು ಜಾತಿ ಆರ್ನಾಟಾ ಮಾತ್ರ ಮೊಂಡುತನ ತೋರಿಸುತ್ತಿದೆ: ಬೇರು ಚೆನ್ನಾಗಿದೆ, ಆದರೆ ಹೊಸ ಎಲೆಗಳ ಗುಲಾಬಿ ಗೆರೆಗಳು ಮಣ್ಣಿನಲ್ಲಿದ್ದಷ್ಟು ಗಾಢವಾಗಿಲ್ಲ. ಅದಕ್ಕೆ ಇಸಿಯನ್ನು 0.4ಕ್ಕೆ ಇಳಿಸಿ, ಬೆಳಕನ್ನು ಸ್ವಲ್ಪ ಹೆಚ್ಚಿಸಿ ನೋಡುತ್ತಿದ್ದೇನೆ. ಖರ್ಚಿನ ಲೆಕ್ಕಕ್ಕೆ ಬಂದರೆ, ಲೆಕಾ, ಬತ್ತಿ, ಎರಡು ಮೀಟರು, ವರ್ಷದ ಗೊಬ್ಬರ ಎಲ್ಲವೂ ಸೇರಿ ಆ ಹ್ಯುಮಿಡಿಫೈಯರ್ ಬೆಲೆಯ ಅರ್ಧವನ್ನೂ ಮುಟ್ಟಿಲ್ಲ, ಮತ್ತು ಕಳೆದ ವರ್ಷ ಆರ್ಬಿಫೋಲಿಯಾದಿಂದ ಬಿಡಿಸಿದ ನಾಲ್ಕು ಮರಿಗಳಲ್ಲಿ ಎರಡನ್ನು ಕೊಂಡೊಯ್ದವರು ಮೊದಲು ಈ ವಿಧಾನವನ್ನು ಒಪ್ಪದವರೇ.