ಗೆದ್ದರೂ ಖುಷಿಯಾಗದ ಹುಡುಗಿಯರು

ತುಮಕೂರಿನ ಪದವಿ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಅಥ್ಲೆಟಿಕ್ಸ್ ಹುಡುಗಿಯರನ್ನು ತಯಾರು ಮಾಡುವ ಹೊಣೆ ನನ್ನದು. ನಮ್ಮಲ್ಲಿ ಎಷ್ಟೋ ಜನ ಸೋತು ಆಟ ಬಿಡುವುದಿಲ್ಲ, ಚೆನ್ನಾಗಿ ಓಡುತ್ತಿರುವಾಗಲೇ ಬಿಡುತ್ತಾರೆ. ಕಾಲುನೋವು, ಓದೋದಿದೆ, ಮನೇಲಿ ಬೇಡ ಅಂತಾರೆ ಎಂದು ಕಾರಣ ಹೇಳುತ್ತಾರೆ. ಕೂರಿಸಿಕೊಂಡು ಸ್ವಲ್ಪ ಹೊತ್ತು ಮಾತಾಡಿಸಿದರೆ ಹೊರಬರುವ ಮಾತೇ ಬೇರೆ: "ಗ್ರೌಂಡ್ ನೋಡಿದ್ರೇನೇ ಸಾಕಪ್ಪಾ ಅನ್ಸುತ್ತೆ ಮೇಡಂ."

ಇದು ಬರ್ನ್‌ಔಟ್, ಅಂದರೆ ಆಟದಿಂದಲೇ ಮನಸ್ಸು ಬತ್ತಿಹೋಗುವುದು. 2001ರಲ್ಲಿ ರೇಡೆಕ್ ಮತ್ತು ಸ್ಮಿತ್ ಎಂಬ ಸಂಶೋಧಕರು ಕ್ರೀಡಾಪಟುಗಳಿಗೆಂದೇ 15 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದು ನೋಡುವುದು ಮೂರು ಸಂಗತಿ: ಮೈಮನಸ್ಸು ಎರಡೂ ಬಸವಳಿದಿದೆಯೇ, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಅನ್ನಿಸುತ್ತಿದೆಯೇ, ಆಟ ಅಂದರೆ ಇದ್ದ ಬೆಲೆಯೇ ಮನಸ್ಸಿನಿಂದ ಹೋಗಿದೆಯೇ. ಬರೀ ಸುಸ್ತಾದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದರೆ ಹೋಗುತ್ತದೆ. ಮೂರನೆಯದು ಹಾಗೆ ಹೋಗುವಂಥದ್ದಲ್ಲ.

ನಾನು ಮೊದಲು ಶುರುಮಾಡಿದ್ದು ಒಂದು ನೋಟ್‌ಬುಕ್. ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಹೇಳಿಕೊಟ್ಟ ಲೆಕ್ಕ ಅದು, ಯಾವ ಯಂತ್ರವೂ ಬೇಡ. ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆಯ ಮೇಲೆ, ಇವತ್ತು ಎಷ್ಟು ಕಷ್ಟವಾಯಿತು ಎಂದು 0ಯಿಂದ 10ರೊಳಗೆ ಹುಡುಗಿಯೇ ಅಂಕ ಕೊಡಬೇಕು. ಅದನ್ನು ಪ್ರಾಕ್ಟೀಸಿನ ನಿಮಿಷಗಳಿಂದ ಗುಣಿಸಿದರೆ ಸಿಗುವುದೇ ಆ ದಿನದ ಹೊರೆ. 60 ನಿಮಿಷ ಹಗುರವಾಗಿ ಓಡಿ 4 ಕೊಟ್ಟರೆ 240. 40 ನಿಮಿಷವೇ ಆದರೂ 9 ಕೊಟ್ಟರೆ 360. ಪಕ್ಕದಲ್ಲಿ ಮೂರು ವಿಷಯ ಬರೆಸುತ್ತೇನೆ: ರಾತ್ರಿ ಎಷ್ಟು ಗಂಟೆ ನಿದ್ದೆ, ಎದ್ದ ಕೂಡಲೇ ನಾಡಿ ಎಷ್ಟು, ಇವತ್ತು ಬರೋಕೆ ಮನಸ್ಸಿತ್ತಾ ಇಲ್ವಾ.

ಆ ಕೊನೆಯ ಕಾಲಮ್ಮಿನಲ್ಲಿ "ಇಲ್ಲ" ಬರುವ ವಾರಗಳನ್ನು ಗಮನಿಸಿದೆ. ಗ್ರೌಂಡಿನ ಕೆಲಸ ಏನೂ ಹೆಚ್ಚಿರುವುದಿಲ್ಲ, ಇಂಟರ್ನಲ್ಸ್ ನಡೆಯುತ್ತಿರುತ್ತವೆ, ಇಲ್ಲವೇ ಊರಲ್ಲಿ ರಾಗಿ ಕೊಯ್ಲು. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ಬರುವವರು ಬೆಳಗಿನ ಪ್ರಾಕ್ಟೀಸಿಗೆ ಮೊದಲ ಬಸ್ಸು ಹಿಡಿಯಬೇಕು. ಕ್ಲಾಸು ಮುಗಿಸಿ, ಸಂಜೆ ಮತ್ತೆ ಓಡಿ, ಮನೆಗೆ ಹೋದ ಮೇಲೆ ಪಾತ್ರೆ ತೊಳೆಯುವುದೂ ಅವರೇ. ದೇಹಕ್ಕೆ ಓಟದ ದಣಿವು, ಮನೆಯ ದಣಿವು ಎಂಬ ಭೇದವಿಲ್ಲ. ಅಂದಿನಿಂದ ನನ್ನ ತರಬೇತಿ ವೇಳಾಪಟ್ಟಿಯನ್ನು ಪರೀಕ್ಷಾ ವೇಳಾಪಟ್ಟಿ ಕೈಗೆ ಬಂದ ಮೇಲೆಯೇ ಬರೆಯುತ್ತೇನೆ. ಇಂಟರ್ನಲ್ಸ್ ವಾರದಲ್ಲಿ ಬೆಳಗಿನ ಪ್ರಾಕ್ಟೀಸೇ ಇಲ್ಲ.

ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಮೊದಲು ರಕ್ತಪರೀಕ್ಷೆ ಮಾಡಿಸುತ್ತೇನೆ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ, ಅದಕ್ಕೆ ವೈದ್ಯರು ಬೇಕು. ಮುಟ್ಟಿನ ಬಗ್ಗೆಯೂ ನೇರವಾಗಿ ಕೇಳುತ್ತೇನೆ. ತಿಂಗಳುಗಟ್ಟಲೆ ಆಗದಿದ್ದರೆ "ಒಳ್ಳೇದೇ ಆಯ್ತು, ಪ್ರಾಕ್ಟೀಸ್ ತಪ್ಪಲ್ಲ" ಅಂದುಕೊಳ್ಳುವವರಿದ್ದಾರೆ. ಓಟಕ್ಕೆ ಖರ್ಚಾಗುವ ಶಕ್ತಿಗೆ ತಕ್ಕಷ್ಟು ಊಟ ಸಿಗದಿದ್ದಾಗಲೂ ದೇಹ ಮುಟ್ಟನ್ನು ನಿಲ್ಲಿಸುತ್ತದೆ, ಹಾಗೇ ಬಿಟ್ಟರೆ ಮೂಳೆಯ ಬಲ ಕುಗ್ಗುತ್ತದೆ. ಇದನ್ನು ಗಂಡು ಕೋಚ್‌ಗಳು ಕೇಳಲಾರೆವೆಂದು ಸುಮ್ಮನಾಗಬಾರದು. ಕಾಲೇಜಿನಲ್ಲಿ ಒಬ್ಬ ಮೇಡಂ ಇದ್ದೇ ಇರುತ್ತಾರೆ, ಅವರಿಂದ ಕೇಳಿಸಿ.

ರಕ್ತವೂ ಸರಿ, ಊಟವೂ ಸರಿ, ಆದರೂ ಮನಸ್ಸಿಲ್ಲ ಎಂಬ ಹುಡುಗಿಯೊಬ್ಬಳಿದ್ದಳು. ದ್ವಿತೀಯ ವರ್ಷದ ಬಿ.ಎ. 1,500 ಮೀಟರ್, 5,000 ಮೀಟರ್, ಕ್ರಾಸ್ ಕಂಟ್ರಿ, ಜತೆಗೆ ರಿಲೇ. ಒಳ್ಳೆಯ ಓಟಗಾರ್ತಿ ಸಿಕ್ಕರೆ ಕಾಲೇಜುಗಳು ಪಾಯಿಂಟ್ಸಿಗಾಗಿ ಹೀಗೇ ಎಲ್ಲದಕ್ಕೂ ಹೆಸರು ಕೊಡುತ್ತವೆ. ಮೆಡಲ್ ಹಾಕಿಸಿಕೊಂಡು ಬಂದು, "ಗೆದ್ರೂ ಏನೂ ಅನ್ಸಲ್ಲ ಮೇಡಂ" ಅಂದಳು. ನಿನಗೆ ಯಾವ ಓಟ ಇಷ್ಟ ಎಂದು ಕೇಳಿದರೆ ಸುಮ್ಮನೆ ನೋಡಿದಳು. ಅವಳನ್ನು ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಜೇ ಕೋಕ್ಲಿ ಎಂಬ ಸಮಾಜಶಾಸ್ತ್ರಜ್ಞರು 1992ರಲ್ಲಿ ಬರೆದದ್ದೂ ಇದನ್ನೇ: ಎಳೆಯ ಕ್ರೀಡಾಪಟುಗಳ ಬದುಕಿನ ತೀರ್ಮಾನಗಳೆಲ್ಲ ಬೇರೆಯವರ ಕೈಯಲ್ಲಿದ್ದು, ಆಟ ಬಿಟ್ಟರೆ ತಾನು ಯಾರೂ ಅಲ್ಲ ಎಂಬ ಸ್ಥಿತಿ ಬಂದಾಗ ಅವರು ಆಟ ಬಿಡುತ್ತಾರೆ.

ಪರೀಕ್ಷೆ ಮುಗಿಯುವ ತನಕ ಸ್ಪೈಕ್ಸ್ (ಓಟದ ಮೊಳೆ ಶೂ) ಮುಟ್ಟಬೇಡ ಅಂದೆ. ಅವಳಿಗಿಂತ ಅವರಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು. "ಸ್ಪೋರ್ಟ್ಸ್ ಕೋಟಾದಾಗೆ ಒಂದು ಕೆಲ್ಸ ಆಗುತ್ತೆ ಅಂತ ಕಾಯ್ತಾ ಇದೀವಿ. ಈಗ ನಿಲ್ಸಿದ್ರೆ ಎಂಗೆ ಮೇಡಮ್ಮೋರೆ?" ಅವರ ಆತಂಕ ಸುಳ್ಳಲ್ಲ, ಆ ಮನೆಗೆ ಸರ್ಟಿಫಿಕೇಟು ಬೇಕೇ ಬೇಕು. "ನಿಲ್ಸಲ್ಲ ಯಜಮಾನ್ರೇ, ಈಗ ಬಿಡುವು ಕೊಟ್ರೆ ಇನ್ನೂ ಎರಡು ವರ್ಷ ಓಡ್ತಾಳೆ. ಕೊಡದೆ ಹೋದ್ರೆ ಈ ವರ್ಷವೇ ಕೊನೆ" ಎಂದು ಹೇಳಿ ನೋಟ್‌ಬುಕ್ ತೋರಿಸಿದೆ. ಸಾಲಾಗಿ ಬರೆದಿದ್ದ "ಇಲ್ಲ"ಗಳನ್ನು ಓದಿ ಅವರು ಒಪ್ಪಿದರು.

ರಜೆಯಲ್ಲಿ ಅವಳು ಊರಿನ ಹುಡುಗಿಯರ ಜತೆ ಖೋ-ಖೋ ಆಡಿದಳಂತೆ. ವಾಪಸ್ ಬಂದು, 1,500 ಒಂದೇ ಸಾಕು ಅಂದಳು. ಆ ವರ್ಷ ಚಾಂಪಿಯನ್‌ಶಿಪ್ ನಮಗೆ ಸಿಗಲಿಲ್ಲ, ಸ್ಟಾಫ್ ರೂಮಿನಲ್ಲಿ ಮಾತೂ ಕೇಳಬೇಕಾಯಿತು. ಅವಳು ಅಂತಿಮ ವರ್ಷವೂ ಓಡಿದಳು.

ಈಗ ನಮ್ಮಲ್ಲಿ ಎಂಟ್ರಿ ಫಾರಂ ಹುಡುಗಿಯರೇ ತುಂಬುತ್ತಾರೆ. ವಾರದ ಒಂದು ಸಂಜೆ ಏನು ಮಾಡಬೇಕೆಂದು ಅವರೇ ಗೊತ್ತುಮಾಡುತ್ತಾರೆ. ಹೆಚ್ಚಿನ ಸಲ ಕಬಡ್ಡಿ, ಕೆಲವೊಮ್ಮೆ ಅಮಾನಿಕೆರೆಯ ಸುತ್ತ ಒಂದು ನಡಿಗೆ. ಯಾರಾದರೂ ಫಾರಂನಲ್ಲಿ ಎರಡಕ್ಕಿಂತ ಹೆಚ್ಚು ಓಟ ಬರೆದಿದ್ದರೆ, ಸಹಿ ಹಾಕುವ ಮುಂಚೆ ಕರೆದು, ಇದು ನಿನ್ನ ಆಸೆಯೋ ಬೇರೆಯವರದ್ದೋ ಎಂದು ಕೇಳುತ್ತೇನೆ.