ಎದೆಗೆ ಅಂಟಿಸಿದ ಸೆನ್ಸರ್‌ನಲ್ಲಿ ಲಬ್-ಡಬ್ ಹಿಡಿಯುವುದು ಹೇಗೆ?

ಸುರತ್ಕಲ್‌ನಿಂದ ಮಣಿಪಾಲದವರೆಗೆ ಯಾವ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ ಹೃದಯದ ಸದ್ದು ಗುರುತಿಸುವ ಸಾಧನ ಒಂದಾದರೂ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ತಂಡಗಳು ಎಡವುವುದು ಒಂದೇ ಜಾಗದಲ್ಲಿ. ಯಾವ ಎಐ ಮಾಡೆಲ್ ಹಾಕೋಣ ಅಂತ ಇಡೀ ಸೆಮಿಸ್ಟರ್ ತಲೆ ಕೆಡಿಸಿಕೊಂಡು, ಸೆನ್ಸರನ್ನು ಮಾತ್ರ ಕೊನೇ ದಿನ ಅಂಗಿಯೊಳಗೆ ಕೈತೂರಿಸಿ ಸೆಲ್ಲೋಟೇಪಿನಿಂದ ಅಂಟಿಸುತ್ತಾರೆ. ಆಗ ಸಿಗುವುದು ಫ್ಯಾನಿನ ಸದ್ದು, ಬಟ್ಟೆ ಉಜ್ಜುವ ಸದ್ದು. ಬುದ್ಧಿವಂತ ಮಕ್ಕಳ ಕೆಲಸ ಹೀಗೆ ಹಾಳಾಗುವುದನ್ನು ನೋಡಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾವು ಹಿಡಿಯಬೇಕಾದದ್ದು ಎರಡು ಸದ್ದು. ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಕವಾಟ ಮುಚ್ಚುವಾಗ ಬರುವುದು ಲಬ್. ಅಯೋರ್ಟಿಕ್ ಮತ್ತು ಪಲ್ಮನರಿ ಕವಾಟ ಮುಚ್ಚುವಾಗ ಬರುವುದು ಡಬ್. ಎರಡರ ಶಕ್ತಿಯೂ ಬಹುಪಾಲು 20ರಿಂದ 150 ಹರ್ಟ್ಜ್ ಒಳಗೆ ಇರುತ್ತದೆ, ಅಂದರೆ ತುಂಬಾ ತಗ್ಗಿನ ಸದ್ದು. ಸೆನ್ಸರ್ ಕೊಳ್ಳುವಾಗ ಈ ಲೆಕ್ಕ ನೆನಪಿರಲಿ.

ಎಲ್ಲರೂ ಮೊದಲು ತರಿಸುವ ಅಗ್ಗದ ಐಎನ್‌ಎಂಪಿ 441 ಮೈಕ್ ನಿಭಾಯಿಸುವುದು ಸುಮಾರು 60 ಹರ್ಟ್ಜ್‌ನಿಂದ ಮೇಲಿನದ್ದನ್ನು. ನಮಗೆ ಬೇಕಾದ ಅರ್ಧ ಸದ್ದು ಅಲ್ಲೇ ಸೊರಗುತ್ತದೆ. ಸ್ಟೆತಸ್ಕೋಪಿನ ಕೊಳವೆಗೆ ಸಣ್ಣ ಮೈಕ್ ತುರುಕಿ ಗ್ಲೂ ಹಾಕಿದ ಕಿಟ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ಅವನ್ನು ಕೊಳ್ಳಲೇಬೇಡಿ. ಅಂಟಿನ ಸಂದಿಯಲ್ಲಿ ಸ್ವಲ್ಪ ಗಾಳಿ ಸೋರಿದರೂ ಮೊದಲು ಹೋಗುವುದು ಈ ತಗ್ಗಿನ ಸದ್ದೇ. ಎದೆಯ ಮೇಲೆ ಗಂಟೆಗಟ್ಟಲೆ ಇರಬೇಕಾದರೆ ಅಕ್ಸೆಲೆರೋಮೀಟರೇ ಸರಿ. ಅದು ಚರ್ಮದ ಕಂಪನವನ್ನು ಅಳೆಯುವುದರಿಂದ ಆಟಿಯ ಮಳೆ ಶೀಟಿನ ಮೇಲೆ ಎಷ್ಟು ಬಡಿದರೂ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಎಂಪಿಯು 6050 ಅನ್ನುವ ಅಕ್ಸೆಲೆರೋಮೀಟರ್ ಬೇಡ. ಅದರ ಸ್ವಂತ ಗದ್ದಲ ಎಡಿಎಕ್ಸ್‌ಎಲ್ 355 ಅನ್ನುವ ಇನ್ನೊಂದರದ್ದಕ್ಕಿಂತ ಹದಿನೈದು ಪಟ್ಟು ಜಾಸ್ತಿ, ಅದರೊಳಗೆ ಡಬ್ ಮುಳುಗಿಹೋಗುತ್ತದೆ. 355 ದುಬಾರಿ, ನಿಜ. ನಾಲ್ಕು ಜನ ಸೇರಿ ಒಂದು ತರಿಸಿ.

ಈಗ ಅಂಟಿಸುವ ಕೆಲಸ. ಇಲ್ಲಿ ಆತುರ ಬೇಡ ಮಾರಾಯ್ರೆ.

ಗಂಟಲ ಕೆಳಗಿನ ಗುಳಿಯಲ್ಲಿ ಬೆರಳಿಟ್ಟು ಎದೆಯ ನಡುಮೂಳೆಯ ಮೇಲೆ ನಿಧಾನಕ್ಕೆ ಕೆಳಗೆ ಜಾರಿಸಿ. ನಾಲ್ಕೈದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಅಡ್ಡಕ್ಕೆ ಒಂದು ಉಬ್ಬು ಸಿಗುತ್ತದೆ. ಅಲ್ಲಿ ಬಂದು ಸೇರುವುದು ಎರಡನೇ ಪಕ್ಕೆಲುಬು, ಅದರ ಕೆಳಗಿನ ಸಂದಿ ಎರಡನೆಯದು. ಎಡಕ್ಕೆ ಸರಿದು ಇನ್ನೊಂದು ಸಂದಿ ಕೆಳಗೆ ಬನ್ನಿ. ಮೂರನೇ ಸಂದಿಯಲ್ಲಿ, ನಡುಮೂಳೆಯ ಎಡ ಅಂಚಿಗೆ ತಾಗಿದಂತೆ ಸೆನ್ಸರ್ ಕೂರಬೇಕು. ಇನ್ನೂ ಕೆಳಗೆ, ಹೃದಯದ ತುದಿಯ ಹತ್ತಿರ ಲಬ್ ಜೋರು. ಮೇಲೆ ಎರಡನೇ ಸಂದಿಯಲ್ಲಿ ಡಬ್ ಜೋರು. ಈ ನಡುವಿನ ಜಾಗದಲ್ಲಿ ಎರಡೂ ಚೆನ್ನಾಗಿ ಸಿಗುತ್ತವೆ, ಹೆಂಗಸರಿಗೂ ಇಲ್ಲಿ ಮುಜುಗರ ಕಡಿಮೆ.

ಬೆವರು ಒರೆಸಿ. ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಕೂದಲಿದ್ದರೆ ಸೆನ್ಸರಿನಷ್ಟು ಜಾಗ ಬೋಳಿಸಿ, ಇಲ್ಲದಿದ್ದರೆ ಉಸಿರಾಡಿದಾಗೆಲ್ಲ ಚರಚರ ಅನ್ನುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡೂ ಕಡೆ ಅಂಟುವ, ಚರ್ಮಕ್ಕೆಂದೇ ಇರುವ ತೆಳು ಟೇಪ್ ತನ್ನಿ. ಗೋಡೆಗೆ ಫೋಟೋ ಅಂಟಿಸುವ ಸ್ಪಂಜಿನ ಟೇಪನ್ನು ಎಷ್ಟೋ ಜನ ಹಾಕುತ್ತಾರೆ, ಆ ಸ್ಪಂಜು ಕಂಪನವನ್ನೇ ನುಂಗಿಬಿಡುತ್ತದೆ. ಎದೆಯ ಮೇಲೆ ಸೆನ್ಸರ್ ಮಾತ್ರ ಇರಲಿ, ಸೆನ್ಸರನ್ನು ಓದುವ ಇಎಸ್‌ಪಿ 32 ಬೋರ್ಡ್ ಮತ್ತು ಬ್ಯಾಟರಿ ಸೊಂಟದ ಪಟ್ಟಿಯಲ್ಲಿ. ಭಾರ ಜಾಸ್ತಿಯಾದಷ್ಟೂ ಕಂಪನ ಸಣ್ಣದಾಗುತ್ತದೆ. ಎರಡರ ನಡುವೆ ಎಳೆಎಳೆ ಮೆತ್ತನೆಯ ವಯರ್ ಬಳಸಿ, ಸೆನ್ಸರಿನ ಪಕ್ಕದಲ್ಲೇ ಅದನ್ನು ಒಂದು ಸುತ್ತು ಸುತ್ತಿ ಆ ಸುತ್ತನ್ನೂ ಚರ್ಮಕ್ಕೆ ಟೇಪ್ ಮಾಡಿ. ವಯರ್ ಎಳೆದಾಗ ಏಳುವ ಗದ್ದಲದ ಮುಂದೆ ಹೃದಯದ ಸದ್ದು ಏನೇನೂ ಅಲ್ಲ. ಮೇಲೊಂದು ಮೈಕ್ರೋಪೋರ್ ಟೇಪ್, ಅದರ ಮೇಲೆ ಕ್ರೇಪ್ ಬ್ಯಾಂಡೇಜ್ ಹಗುರವಾಗಿ ಒಂದು ಸುತ್ತು. ಏಪ್ರಿಲ್-ಮೇ ಸೆಖೆಯಲ್ಲಿ ಟೇಪಿನ ಅಂಚು ಬೇಗ ಏಳುತ್ತದೆ, ಆಗಾಗ ನೋಡುತ್ತಿರಬೇಕು.

ಕೂತು ಸ್ವಲ್ಪ ಮುಂದೆ ಬಾಗಿ, ಉಸಿರು ಪೂರ್ತಿ ಬಿಟ್ಟು ಹಿಡಿದು, ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಗ್ರಾಫ್ ತೆಗೆಯಿರಿ. ಪ್ರತಿ ಬಡಿತಕ್ಕೆ ಎರಡು ಗುಡ್ಡ ಬರಿಗಣ್ಣಿಗೇ ಕಾಣಬೇಕು. ಕಾಣದಿದ್ದರೆ ಕೋಡ್ ಮುಟ್ಟಬೇಡಿ, ಸೆನ್ಸರ್ ಕಿತ್ತು ಮತ್ತೆ ಅಂಟಿಸಿ.

ರೆಕಾರ್ಡಿಂಗಿಗೆ ಸೆಕೆಂಡಿಗೆ 1000 ಸ್ಯಾಂಪಲ್ ಧಾರಾಳ ಸಾಕು, ನಡುವೆ ತಪ್ಪದಿದ್ದರೆ ಆಯಿತು. 25 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಫಿಲ್ಟರ್ ಹಾಕಿ ತೆಗೆಯಿರಿ, ಉಸಿರಾಟದ ಏರಿಳಿತ ಹೋಗುತ್ತದೆ. ಕರೆಂಟಿನ 50 ಹರ್ಟ್ಜ್ ಗುಂಯ್ ಬಂದರೆ ಅದೊಂದೇ ಹರ್ಟ್ಜ್ ಕತ್ತರಿಸುವ ನಾಚ್ ಫಿಲ್ಟರ್ ಹಾಕುವ ಶಾರ್ಟ್‌ಕಟ್ ಬೇಡ, ಹೃದಯದ ಸದ್ದೂ ಅಲ್ಲೇ ಉಂಟಲ್ವಾ? ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ.

ನಂತರ ಗುಡ್ಡಗಳನ್ನು ನುಣುಪು ಮಾಡಬೇಕು. ಇದಕ್ಕೆ 1997ರಿಂದ ಬಳಕೆಯಲ್ಲಿರುವ ಶ್ಯಾನನ್ ಎನರ್ಜಿ ಅನ್ನುವ ಲೆಕ್ಕವೇ ನನಗೆ ಇಷ್ಟ. ಸಿಗ್ನಲನ್ನು 1ರೊಳಗೆ ತಂದು, ಪ್ರತಿ ಸ್ಯಾಂಪಲ್‌ನ ವರ್ಗವನ್ನು ಅದೇ ವರ್ಗದ ಲಾಗ್‌ನಿಂದ ಗುಣಿಸಿ, ಮೈನಸ್ ಹಾಕಿ, 20 ಮಿಲಿಸೆಕೆಂಡಿಗೊಂದು ಸರಾಸರಿ ತೆಗೆದರೆ ಆಯಿತು. ಸುಮ್ನೆ ವರ್ಗ ಮಾಡಿದರೆ ಜೋರಿನ ಲಬ್ ಇನ್ನೂ ಎತ್ತರವಾಗಿ ಡಬ್ ಅಡಗುತ್ತದೆ. ಶ್ಯಾನನ್ ಎನರ್ಜಿಯಲ್ಲಿ ಮಧ್ಯಮ ಎತ್ತರದ್ದೂ ಮೇಲೆ ಬರುತ್ತದೆ. ಉಸಿರು ಎಳೆದುಕೊಂಡಾಗ ಡಬ್ ಎರಡಾಗಿ ಒಡೆಯುವುದು ಸಹಜ, ತೀರಾ ಹತ್ತಿರದ ಎರಡು ಪೀಕ್ ಬಂದರೆ ಒಂದೇ ಅಂತ ಸೇರಿಸಿ.

ಇನ್ನು ಯಾವುದು ಲಬ್, ಯಾವುದು ಡಬ್? ಎಲ್ಲರೂ ಹಾಕುವ ನಿಯಮ: ಲಬ್‌ನಿಂದ ಡಬ್‌ಗೆ ಅಂತರ ಕಡಿಮೆ, ಡಬ್‌ನಿಂದ ಮುಂದಿನ ಲಬ್‌ಗೆ ಜಾಸ್ತಿ. ನಿಮಿಷಕ್ಕೆ 75 ಬಡಿತ ಇದ್ದಾಗ ಇದು ಸುಮಾರು 0.3 ಮತ್ತು 0.5 ಸೆಕೆಂಡ್. ಕೂತವರ ಮೇಲೆ ಚೆನ್ನಾಗಿ ನಡೆಯುತ್ತದೆ. ಆದರೆ ಬಡಿತ ಏರಿದಂತೆ ಎರಡನೇ ಅಂತರವೇ ಹೆಚ್ಚು ಕುಗ್ಗುತ್ತದೆ. 120 ದಾಟಿದ ಮೇಲೆ ಎರಡೂ ಹೆಚ್ಚುಕಮ್ಮಿ ಸಮ. ನೋಡಲು ಬಂದವರು 'ನಾಲ್ಕು ಬಸ್ಕಿ ಹೊಡೆದು ಬಾ ನೋಡುವ' ಅಂದರೆ ಸಾಕು, ಸ್ಕ್ರೀನಿನಲ್ಲಿ ಲಬ್ ಇದ್ದಲ್ಲಿ ಡಬ್, ಡಬ್ ಇದ್ದಲ್ಲಿ ಲಬ್. ಒಂದು ತಪ್ಪಿದರೆ ಅದರ ಹಿಂದೆ ಬರುವ ಅಷ್ಟೂ ತಪ್ಪುತ್ತವೆ.

ಇದಕ್ಕೆ ಗಟ್ಟಿ ದಾರಿ ಇಸಿಜಿ. ಎಡಿ 8232 ಬೋರ್ಡಿನ ಮೂರು ಪ್ಯಾಚ್ ಅಂಟಿಸಿ, ಇಸಿಜಿ, ಎದೆಯ ಸೆನ್ಸರ್ ಎರಡನ್ನೂ ಒಂದೇ ಗಡಿಯಾರದಲ್ಲಿ ರೆಕಾರ್ಡ್ ಮಾಡಿ. ಇಸಿಜಿಯ ಚೂಪಾದ ಎತ್ತರದ ಮೊನೆ ಆರ್ ಶಿಖರ, ಅದರ ಬೆನ್ನಿಗೇ ಬರುವುದು ಲಬ್. ಆಮೇಲಿನ ಅಗಲದ ಗುಡ್ಡ ಟಿ ಅಲೆ, ಅದು ಮುಗಿಯುವ ಹೊತ್ತಿಗೆ ಬರುವುದು ಡಬ್. ಬಡಿತ ಎಷ್ಟೇ ಇರಲಿ, ಈ ಕ್ರಮ ಬದಲಾಗದು. ಮೈಗೆ ಪ್ಯಾಚ್ ಅಂಟಿರುವಾಗ ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿರಲೇಬಾರದು, ಇದು ಜೀವದ ಪ್ರಶ್ನೆ.

ಇಸಿಜಿ ಬೇಡ ಅಂದರೆ ಹಿಡನ್ ಸೆಮಿ-ಮಾರ್ಕೋವ್ ಮಾಡೆಲ್ ಅನ್ನುವ ಸಂಭವನೀಯತೆಯ ಲೆಕ್ಕ ಬಳಸಿ. ಲಬ್, ನಡುವಿನ ಮೌನ, ಡಬ್, ಮತ್ತೆ ಮೌನ ಅಂತ ನಾಲ್ಕು ಸ್ಥಿತಿ. ಲಬ್ ಸುಮಾರು 0.12 ಸೆಕೆಂಡ್, ಡಬ್ 0.09 ಸೆಕೆಂಡ್ ಅನ್ನುವಂಥ ಅಂದಾಜು ಇಟ್ಟುಕೊಂಡು ಇಡೀ ರೆಕಾರ್ಡಿಂಗಿಗೆ ಚೆನ್ನಾಗಿ ಹೊಂದುವ ಸಾಲನ್ನು ಅದೇ ಹುಡುಕುತ್ತದೆ. 2016ರಲ್ಲಿ ಬಂದ ಸ್ಪ್ರಿಂಗರ್ ಮತ್ತು ಸಂಗಡಿಗರ ಕೋಡ್ ಫಿಸಿಯೋನೆಟ್ ಅನ್ನುವ ವೈದ್ಯಕೀಯ ಡೇಟಾ ಜಾಲತಾಣದಲ್ಲಿ ಉಚಿತ, ಹೊಸದಾಗಿ ಬರೆಯುತ್ತಾ ಕೂರಬೇಡಿ. ಅದೇ ವರ್ಷದ ಫಿಸಿಯೋನೆಟ್ ಸ್ಪರ್ಧೆಯ 3,126 ರೆಕಾರ್ಡಿಂಗ್‌ಗಳೂ ಅಲ್ಲಿವೆ. ಆದರೆ ಅವು ಮೈಕಿನ ಸದ್ದು, ನಿಮ್ಮದು ಚರ್ಮದ ಕಂಪನ. ನಿಮ್ಮ ಸೆನ್ಸರಿನಲ್ಲೇ ಒಂದಷ್ಟು ಜನರ ರೆಕಾರ್ಡಿಂಗ್ ತೆಗೆದು ಮತ್ತೆ ತರಬೇತಿ ಕೊಡಲೇಬೇಕು.

ಪರೀಕ್ಷೆ ಮಾಡುವಾಗ ಜನರನ್ನೇ ಬೇರೆ ಮಾಡಿ. ಒಬ್ಬರದ್ದೇ ರೆಕಾರ್ಡಿಂಗ್ ಅರ್ಧ ತರಬೇತಿಗೆ, ಅರ್ಧ ಪರೀಕ್ಷೆಗೆ ಹಾಕಿದರೆ ಬರುವ 99 ಪ್ರತಿಶತಕ್ಕೆ ಬೆಲೆಯಿಲ್ಲ. ಕವಾಟದ ತೊಂದರೆ ಇದೆ ಅಂತ ಯಾರಿಗೂ ಇದನ್ನು ನೋಡಿ ಹೇಳಬೇಡಿ, ಅದು ಹೃದ್ರೋಗ ತಜ್ಞರು ಎಕೋ (ಹೃದಯದ ಸ್ಕ್ಯಾನ್) ಮಾಡಿ ಹೇಳಬೇಕಾದ ಮಾತು.

ನಡೆಯುವಾಗ ಸಿಗ್ನಲ್ ಕೆಡುತ್ತದೆ, ಯಾವ ಮಾಡೆಲ್ ಹಾಕಿದರೂ. 25 ಹರ್ಟ್ಜ್ ಕೆಳಗೆ ತೆಗೆದುಹಾಕಿದ ಭಾಗವನ್ನು ಎಸೆಯದೆ ಇಟ್ಟುಕೊಳ್ಳಿ. ಅದು ಜೋರಾಗಿ ಕುಣಿಯುತ್ತಿದ್ದರೆ ಆ ಐದಾರು ಸೆಕೆಂಡ್ ಲೆಕ್ಕಕ್ಕೆ ತೆಗೆದುಕೊಳ್ಳದೆ, ಸ್ಕ್ರೀನಿನಲ್ಲಿ 'ಸದ್ದು ಸ್ಪಷ್ಟವಿಲ್ಲ' ಅಂತ ತೋರಿಸಿ.